ಹಳೆ ಕೂಟಗಳಿಗೊಂದು ಡ್ಯಾಕ್: ಬಿಡಿಭಾಗಗಳ ಪಟ್ಟಿ ಮಾಡಿದ ಕಥೆ

ಅಪ್ಪನ ಕಬ್ಬಿಣದ ಟ್ರಂಕಿನಲ್ಲಿ 84 ಕ್ಯಾಸೆಟ್‌ಗಳಿದ್ದವು. ಎಲ್ಲವೂ ತಾಳಮದ್ದಳೆ ಕೂಟಗಳದ್ದು, ಅಂದರೆ ವೇಷ ಕುಣಿತವಿಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನದ್ದು. ಕುಂಬಳೆ, ಪೆರ್ಲ, ನೀರ್ಚಾಲು, ಮುಳ್ಳೇರಿಯ ಅಂತ ಕಾಸರಗೋಡಿನ ಸುತ್ತ ಎಲ್ಲೆಲ್ಲಿ ಕೂಟ ಆದರೂ ಅಪ್ಪ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗುತ್ತಿದ್ದರು. ಕೆಲವು ಕ್ಯಾಸೆಟ್‌ಗಳಿಗೆ ಬಿಳಿ ಬೂಸು ಹಿಡಿದಿತ್ತು. ಅದನ್ನು ಒರೆಸಿ, ಎರಡು ಮಳೆಗಾಲ ಕೂತು, ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದೆ. 44.1 ಕಿಲೋಹರ್ಟ್ಸ್, 16 ಬಿಟ್.

ಕೇಳಲು ಕೂತಾಗ ಒಂದು ತೊಂದರೆ ಕಾಣಿಸಿತು. ಒಳ್ಳೆಯ ಅರ್ಥಧಾರಿ, ಅಂದರೆ ಪಾತ್ರವಾಗಿ ಮಾತಾಡುವವರು, ಮಾತಾಡುವಾಗ ಎಷ್ಟು ಹಿಡಿದಿಡುತ್ತಾರೋ, ಮಾತು ನಿಲ್ಲಿಸಿದಾಗಲೂ ಅಷ್ಟೇ ಹಿಡಿದಿಡುತ್ತಾರೆ. ಕರ್ಣನಿಗೆ ಕುಂತಿ ತಾನು ಯಾರೆಂದು ಹೇಳಿದ ಮೇಲೆ ಬರುವ ಆ ಮೌನ ಇದೆಯಲ್ವಾ, ಅಲ್ಲಿ ನನ್ನ ಲ್ಯಾಪ್‌ಟಾಪಿನ ಹೆಡ್‌ಫೋನ್ ಕಿಂಡಿಯಿಂದ 'ಗುಂಯ್' ಅಂತ ಒಂದು ಸದ್ದು. ಮೌಸ್ ಅಲ್ಲಾಡಿಸಿದರೆ 'ಕಿರ್ರ್'. ಕ್ಯಾಸೆಟ್ಟಿನ 'ಹಿಸ್' ನನಗೆ ಬೇಸರವಿಲ್ಲ, ಅದು ಆ ಕಾಲದ್ದು, ಆ ಟೇಪಿನದ್ದು. ಆದರೆ ಈ ಗುಂಯ್ ಅಪ್ಪನ ಕ್ಯಾಸೆಟ್ಟಿನದ್ದಲ್ಲ. ಅದನ್ನು ತೆಗೆಯಬೇಕು ಅಂತ ಮನಸ್ಸಾಯಿತು. ಹಾಗೆ ನಾನೇ ಒಂದು ಡ್ಯಾಕ್ ಕಟ್ಟಲು ಹೊರಟೆ.

ಡ್ಯಾಕ್ ಅಂದರೆ ಅಂಕಿಗಳನ್ನು ಮತ್ತೆ ಸದ್ದಾಗಿ ಮಾಡುವ ಸರ್ಕ್ಯೂಟ್. ಒಂದು ಸೆಕೆಂಡಿಗೆ 44,100 ಅಂಕಿಗಳು, ಎಡಕ್ಕೊಂದು ಬಲಕ್ಕೊಂದು. 16 ಬಿಟ್ ಅಂದರೆ ಪ್ರತಿ ಅಂಕಿಗೂ 65,536 ಮೆಟ್ಟಿಲು. ಅಷ್ಟೂ ಅಂಕಿಗಳನ್ನು ಸರಿಯಾದ ಹೊತ್ತಿಗೆ ಸರಿಯಾದ ವೋಲ್ಟೇಜ್ ಮಾಡಿ ಹೊರಗೆ ಕಳಿಸಬೇಕು. ಈ 44.1 ಅನ್ನುವ ವಿಚಿತ್ರ ಅಂಕಿ ಎಲ್ಲಿಂದ ಬಂತು ಅಂತ ನನಗೆ ಬಹಳ ದಿನ ಕುತೂಹಲವಿತ್ತು. ಮೊದಮೊದಲು ಡಿಜಿಟಲ್ ಸದ್ದನ್ನು ವೀಡಿಯೊ ಟೇಪಿನಲ್ಲಿ ತುಂಬುತ್ತಿದ್ದರಂತೆ. ಚಿತ್ರದ ಒಂದು ಗೆರೆಗೆ 3 ಅಂಕಿ, ಒಂದು ಫೀಲ್ಡಿಗೆ (ಅಂದರೆ ಅರ್ಧ ಚಿತ್ರಕ್ಕೆ) 245 ಗೆರೆ, ಸೆಕೆಂಡಿಗೆ 60 ಫೀಲ್ಡ್. ಗುಣಿಸಿದರೆ ಸರಿಯಾಗಿ 44,100. 1982ರಲ್ಲಿ ಸಿಡಿ ಬಂದಾಗ ಅದೇ ಅಂಕಿ ಉಳಿಯಿತು. ಅಂದರೆ ಅದೂ ಟೇಪಿನಿಂದಲೇ ಬಂದದ್ದು. ನನಗೆ ಇದು ಬಹಳ ಇಷ್ಟವಾದ ವಿಷಯ.

ಪಟ್ಟಿಯ ಮೊದಲ ಸಾಲಿನಲ್ಲಿ ನಾನು ಬರೆದದ್ದು ಚಿಪ್ಪಿನ ಹೆಸರು. ಎಲ್ಲರೂ ಹಾಗೇ ಶುರು ಮಾಡುತ್ತಾರೆ ಅಂತ ಕಾಣುತ್ತದೆ. ನನ್ನ ಕಣ್ಣಿದ್ದದ್ದು ಫಿಲಿಪ್ಸ್‌ನ ಟಿಡಿಎ 1541ಎ ಮೇಲೆ. ಹಳೆಯ ಸಿಡಿ ಪ್ಲೇಯರ್‌ಗಳಲ್ಲಿ ಇದ್ದ 28 ಕಾಲಿನ ದೊಡ್ಡ ಚಿಪ್. ತಯಾರಿಕೆ ನಿಂತು ಎಷ್ಟೋ ವರ್ಷವಾಗಿದೆ, ಆದರೂ ಅದರ ಮೇಲೆ ಜನರಿಗೆ ಭಾರಿ ಪ್ರೀತಿ. ಹಣ ಕೂಡಿಸಿ, ದೂರದ ಒಬ್ಬ ಮಾರಾಟಗಾರನಿಂದ ಒಂದು ತರಿಸಿದೆ.

ಬಂದ ದಿನ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅಕ್ಷರಗಳು ತುಂಬ ಬೆಳ್ಳಗಿದ್ದವು, ಹೊಸದಾಗಿ ಬರೆದ ಹಾಗೆ. ಬೆನ್ನಿನ ಮೇಲೆ ಒಂದನೇ ಕಾಲನ್ನು ತೋರಿಸುವ ಗುಳಿ ಇರಬೇಕಿತ್ತು. ಅದು ಅರ್ಧ ತುಂಬಿಕೊಂಡಿತ್ತು. ಹತ್ತಿಗೆ ಅಸಿಟೋನ್ ಹಾಕಿ ಒರೆಸಿದೆ. ಹತ್ತಿ ಕಪ್ಪಾಯಿತು. ಮೇಲಿನ ಪದರ ಕರಗಿ, ಅಕ್ಷರದ ಜೊತೆಗೇ ಬಂತು. ಕೆಳಗೆ ಒಂದೇ ದಿಕ್ಕಿಗೆ ಎಳೆದ ಸಣ್ಣ ಗೀರುಗಳು, ಮರಳು ಕಾಗದ ಉಜ್ಜಿದ ಗುರುತು. ಯಾವುದೋ ಬೇರೆ ಚಿಪ್ಪನ್ನು ಉಜ್ಜಿ, ಕಪ್ಪು ಬಳಿದು, ಹೊಸ ಹೆಸರು ಬರೆದಿದ್ದರು. ದುಡ್ಡು ವಾಪಸ್ ಬರಲಿಲ್ಲ. ಆ ಚಿಪ್ ಇವತ್ತಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಅದಾದ ಮೇಲೆ ಒಂದು ತಿಂಗಳು ಏನನ್ನೂ ಕೊಳ್ಳಲಿಲ್ಲ. ಆ ಚಿಪ್ ಅಸಲಿಯೇ ಆಗಿದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದೆ. ಅದಕ್ಕೆ ಪ್ಲಸ್ 5, ಮೈನಸ್ 5, ಮೈನಸ್ 15, ಹೀಗೆ ಮೂರು ಬಗೆಯ ವೋಲ್ಟೇಜ್ ಬೇಕು. ಸುತ್ತ 14 ಕೆಪಾಸಿಟರ್ ಬೇರೆ. ಚಿಪ್ಪಿನಿಂದ ಸದ್ದು ಹೊರಗೆ ಬರುವುದು ವೋಲ್ಟೇಜ್ ಆಗಿ ಅಲ್ಲ, ಕರೆಂಟಿನ ಏರಿಳಿತವಾಗಿ, ಅದನ್ನು ವೋಲ್ಟೇಜ್ ಮಾಡಲು ಮತ್ತೊಂದು ಹಂತ. ಇಷ್ಟಕ್ಕೆಲ್ಲ ಒಳ್ಳೆಯ ಪವರ್ ಸಪ್ಲೈ ಬೇಕು. ನಮ್ಮ ಮನೆಗೆ ಬರುವ ಕರೆಂಟು ಹೇಗಿದೆ ಅಂತ ನಾನು ಅಲ್ಲಿಯವರೆಗೆ ಒಮ್ಮೆಯೂ ಅಳೆದಿರಲಿಲ್ಲ.

ಮಾರ್ಚಿನಲ್ಲಿ ಅಳೆಯಲು ಕೂತೆ. ಆಗ ತೋಟಗಳಿಗೆಲ್ಲ ನೀರು ಬಿಡುವ ಕಾಲ. ಸಂಜೆಯಾದರೆ ಗುಡ್ಡದ ಆಚೆ ಈಚೆ ಎಲ್ಲ ಪಂಪ್ ಶುರುವಾಗುತ್ತದೆ, ಮನೆಯ ಬಲ್ಬು ಕೆಂಪಾಗುತ್ತದೆ. ಒಂದು ವಾರ ಮಲ್ಟಿಮೀಟರ್ ಹಿಡಿದು ನೋಟ್‌ಬುಕ್ಕಿನಲ್ಲಿ ಬರೆದೆ. ರಾತ್ರಿ 7 ಗಂಟೆಗೆ 182 ವೋಲ್ಟ್. 11 ಗಂಟೆಗೆ 238. ಒಂದು ನಸುಕಿನಲ್ಲಿ 248. ಪುಸ್ತಕದಲ್ಲಿ ಮಾತ್ರ 230.

ಆ ಮೂರು ಅಂಕಿಗಳೇ ನನ್ನ ಪಟ್ಟಿಯನ್ನು ತಿರುಗಿಸಿ ಹಾಕಿದವು. ಹಳೆ ಹಾಳೆ ಹರಿದು ಹಾಕಿ, ಹೊಸ ಹಾಳೆಯ ಮೇಲೆ ಮೊದಲ ಸಾಲಿಗೆ 'ಟ್ರಾನ್ಸ್‌ಫಾರ್ಮರ್' ಅಂತ ಬರೆದೆ. ಚಿಪ್ಪಿನ ಜಾಗ ಖಾಲಿ ಬಿಟ್ಟೆ.

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ನಮ್ಮ ಕಡೆ ಡ್ಯಾಕ್ ಕಟ್ಟುವವರಿಗೆ ಬೇಕಾದದ್ದು ಇದೇ. 5 ವೋಲ್ಟ್ ಕೊಡಲು 7805 ಅನ್ನುವ ರೆಗ್ಯುಲೇಟರ್ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಭಾಗ) ಸಾಕು, ಯಾವ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಅದು ಸರಿಯಾಗಿ ಕೆಲಸ ಮಾಡಲು ಒಳಗೆ ಸುಮಾರು 7 ವೋಲ್ಟ್ ಬರುತ್ತಿರಬೇಕು. ಟ್ರಾನ್ಸ್‌ಫಾರ್ಮರ್ 9 ವೋಲ್ಟಿನದ್ದು ಅಂತ ಇಟ್ಟುಕೊಳ್ಳಿ. ಮೇನ್ಸ್, ಅಂದರೆ ಮನೆಗೆ ಬರುವ ಕರೆಂಟು, 182 ಆದಾಗ ಆ 9 ಇಳಿದು 7.1 ಆಗುತ್ತದೆ. ಅದರ ಶಿಖರ 1.414 ಪಟ್ಟು, ಅಂದರೆ 10.1. ಎಸಿಯನ್ನು ಡಿಸಿ ಮಾಡುವ ಬ್ರಿಡ್ಜಿನ ಎರಡು ಡಯೋಡುಗಳಲ್ಲಿ 1.4 ಹೋಗುತ್ತದೆ, ಉಳಿದದ್ದು 8.7. ಇನ್ನು ರಿಪಲ್, ಅಂದರೆ ಆ ಡಿಸಿಯಲ್ಲಿ ಉಳಿಯುವ ಏರಿಳಿತ. ನನ್ನ ಸರ್ಕ್ಯೂಟ್ ಎಲ್ಲ ಸೇರಿ 100 ಮಿಲಿ ಆಂಪಿಯರ್ ದಾಟುವುದಿಲ್ಲ, ಆದರೂ 150 ಅಂತ ಹಿಡಿದೆ. 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ರಿಪಲ್ 1.5 ವೋಲ್ಟ್. ಅಂದರೆ ತಗ್ಗಿನಲ್ಲಿ 7.2. ತೀರಾ ಅಂಚು. ಇನ್ನೊಂದು ಪಂಪ್ ಶುರುವಾದರೆ ಹಾಡುವ ಭಾಗವತರ ಪದದ ಮಧ್ಯೆ ಗುಂಯ್ ಗ್ಯಾರಂಟಿ.

ಕೆಪಾಸಿಟರನ್ನು 2200ಕ್ಕೆ ಏರಿಸಿದೆ. ರಿಪಲ್ 0.7ಕ್ಕೆ ಇಳಿಯಿತು. ಸಾಮಾನ್ಯ ಡಯೋಡಿನ ಬದಲು 1ಎನ್5819 ಶಾಟ್ಕಿ ಡಯೋಡ್ ಹಾಕಿದರೆ ಬ್ರಿಡ್ಜಿನಲ್ಲಿ ಹೋಗುವುದು 1.4 ಅಲ್ಲ, ಸುಮಾರು 0.6 ಮಾತ್ರ. ಈ ಎರಡು ಸಣ್ಣ ಬದಲಾವಣೆಯಿಂದ ಮೇನ್ಸ್ 150 ವೋಲ್ಟಿಗೆ ಬಿದ್ದರೂ ಡ್ಯಾಕ್‌ಗೆ ಗೊತ್ತಾಗುವುದಿಲ್ಲ ಅಂತ ಲೆಕ್ಕ ಬಂತು. ಹಾಗಾದರೆ ಸುಮ್ನೆ 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಬಹುದಲ್ವಾ ಅಂತ ನೀವು ಕೇಳಬಹುದು. ನಾನೂ ಯೋಚಿಸಿದೆ. ಆದರೆ ನಸುಕಿನ 248 ಇದೆಯಲ್ಲ, ಆಗ 7805 ಸುಮಾರು ಎರಡು ವ್ಯಾಟ್ ಬಿಸಿಯಾಗಿ ಕಳೆಯಬೇಕು. 9 ವೋಲ್ಟಾದರೆ ಒಂದು ವ್ಯಾಟಿನ ಆಸುಪಾಸು, ಸಣ್ಣ ಹೀಟ್ ಸಿಂಕ್ ಸಾಕು. ಮುಚ್ಚಿದ ಪೆಟ್ಟಿಗೆಯೊಳಗೆ ಬಿಸಿ ಜಾಸ್ತಿಯಾದಷ್ಟೂ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಷ್ಯ ಕಡಿಮೆ. 10 ಡಿಗ್ರಿ ಏರಿದರೆ ಆಯುಷ್ಯ ಅರ್ಧವಾಗುತ್ತದೆ ಅಂತ ಒಂದು ಅಂದಾಜು ಲೆಕ್ಕ. ಹಾಗಾಗಿ 9 ವೋಲ್ಟ್, 500 ಮಿಲಿ ಆಂಪಿಯರ್. ಕೆಪಾಸಿಟರ್ 25 ವೋಲ್ಟಿನದ್ದು, 105 ಡಿಗ್ರಿ ತಾಳುವಂಥದ್ದು.

7805 ಒಂದೇ ಸಾಕೇ? ಅದರ ಸ್ವಂತ ಗದ್ದಲ ಸುಮಾರು 40 ಮೈಕ್ರೋವೋಲ್ಟ್. ಅದರ ಹಿಂದೆ ಇನ್ನೊಂದು ಸಣ್ಣ ರೆಗ್ಯುಲೇಟರ್ ಇಟ್ಟೆ, ಎಡಿಪಿ150. 5 ವೋಲ್ಟನ್ನು 3.3 ಮಾಡುತ್ತದೆ, ಗದ್ದಲ 9 ಮೈಕ್ರೋವೋಲ್ಟ್ ಮಾತ್ರ. ಎಲ್‌ಟಿ3045 ಅಂತ ಇನ್ನೂ ಶಾಂತವಾದದ್ದು ಇದೆ, 0.8 ಮೈಕ್ರೋವೋಲ್ಟ್. ಕ್ಯಾಸೆಟ್ಟಿನ ಹಿಸ್ ಕೇಳುತ್ತಲೇ ಇರುವಾಗ ನನಗೆ ಅಷ್ಟು ಬೇಡ ಅನ್ನಿಸಿತು. ಬೆಲೆಯೂ ಜಾಸ್ತಿ.

ಪವರ್ ಸಪ್ಲೈ ಗಟ್ಟಿಯಾದ ಮೇಲೆ ಚಿಪ್ಪಿನ ಸಾಲು ತುಂಬುವುದು ಸುಲಭವಾಯಿತು. 3.3 ವೋಲ್ಟ್ ಒಂದರಲ್ಲೇ ನಡೆಯಬೇಕು. ಕರೆಂಟಿನ ಬದಲು ನೇರ ವೋಲ್ಟೇಜ್ ಕೊಡಬೇಕು. ಇವತ್ತಿಗೂ ತಯಾರಾಗುತ್ತಿರಬೇಕು, ಅಧಿಕೃತ ವಿತರಕರಲ್ಲಿ ಸಿಗಬೇಕು. ಈ ಕೊನೆಯದ್ದನ್ನು ಹಗುರವಾಗಿ ತೆಗೆದುಕೊಳ್ಳಬಾರದು. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಯೋಕಾದಲ್ಲಿ ಎಕೆಎಂ ಅನ್ನುವ ಚಿಪ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿದ್ದಾಗ ಅವರ ಆಡಿಯೊ ಚಿಪ್ಪುಗಳಿಗೆ ಜಗತ್ತಿನಲ್ಲೆಲ್ಲ ಬರ ಬಂದಿತ್ತು. ನನಗೆ ಸರಿಹೊಂದಿದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಪಿಸಿಎಂ5102ಎ. ಸಿಗ್ನಲ್ಲಿಗೂ ಗದ್ದಲಕ್ಕೂ 112 ಡೆಸಿಬಲ್ ಅಂತರ. 16 ಬಿಟ್‌ಗೆ ಬೇಕಾದ್ದು 96ರ ಆಸುಪಾಸು, ಕ್ಯಾಸೆಟ್ಟಿಗೆ ಅದಕ್ಕಿಂತ ಎಷ್ಟೋ ಕಡಿಮೆ. ಮೈನಸ್ ವೋಲ್ಟೇಜನ್ನು ಅದು ಒಳಗೇ ಚಾರ್ಜ್ ಪಂಪ್‌ನಿಂದ ಮಾಡಿಕೊಳ್ಳುತ್ತದೆ. ಹಾಗಾಗಿ ಹೊರಗೆ ಡಿಸಿ ಬರುವುದಿಲ್ಲ, ದಾರಿಯಲ್ಲಿ ದೊಡ್ಡ ಕೆಪಾಸಿಟರ್ ಬೇಡ. 2.1 ವೋಲ್ಟ್ ಸದ್ದು ನೇರ ಆಂಪ್ಲಿಫೈಯರಿಗೆ. ಆಪ್ ಆಂಪ್ ಅನ್ನುವ ಇನ್ನೊಂದು ಆಂಪ್ಲಿಫೈಯರ್ ಚಿಪ್ ಇಲ್ಲ, ಅದಕ್ಕೆ ಬೇಕಾದ ಪ್ಲಸ್ 12 ಮೈನಸ್ 12 ಇಲ್ಲ. ಪಟ್ಟಿಯಿಂದ ಒಂದೇ ಸಲಕ್ಕೆ ಹತ್ತು ಹನ್ನೆರಡು ಸಾಲು ಹೊಡೆದು ಹಾಕಿದೆ.

ಮುಂದಿನದು ಕಂಪ್ಯೂಟರಿನಿಂದ ಅಂಕಿಗಳು ಡ್ಯಾಕ್‌ಗೆ ಬರುವ ದಾರಿ. ಇಲ್ಲಿ ನಾನು ತುಂಬ ದಿನ ತೂಗಿದೆ.

ಯುಎಸ್‌ಬಿಯಿಂದ ಸದ್ದು ತೆಗೆಯಲು ಎರಡು ಕ್ರಮ. ಹಿಮ್ಮೇಳದಲ್ಲಿ ತಾಳ ಭಾಗವತರ ಕೈಯಲ್ಲಿರುತ್ತದೆ, ಚೆಂಡೆ ಮದ್ದಳೆ ಅದನ್ನು ಹಿಡಿದು ಹೋಗುತ್ತವೆ. ಒಂದು ಕ್ರಮದಲ್ಲಿ ಆ ತಾಳ, ಅಂದರೆ ಅಂಕಿಗಳು ಯಾವ ಗತಿಯಲ್ಲಿ ಹೋಗಬೇಕು ಅನ್ನುವುದು, ಕಂಪ್ಯೂಟರಿನ ಕೈಯಲ್ಲಿ, ಡ್ಯಾಕ್ ಹಿಂಬಾಲಿಸುತ್ತದೆ. ಇನ್ನೊಂದರಲ್ಲಿ, ಅಸಿಂಕ್ರೋನಸ್ ಅನ್ನುತ್ತಾರೆ, ತಾಳ ಡ್ಯಾಕ್ ಕೈಯಲ್ಲೇ. ಬೋರ್ಡಿನ ಮೇಲೆ 22.5792 ಮೆಗಾಹರ್ಟ್ಸ್‌ನ ಕ್ರಿಸ್ಟಲ್ ಇರುತ್ತದೆ. ಅದನ್ನು 512ರಿಂದ ಭಾಗಿಸಿದರೆ ಸರಿಯಾಗಿ 44.1 ಕಿಲೋಹರ್ಟ್ಸ್. 48ರ ಲೆಕ್ಕಕ್ಕೆ 24.576ರದ್ದು ಇನ್ನೊಂದು. ತಾಳದ ದೃಷ್ಟಿಯಿಂದ ಎರಡನೆಯ ಕ್ರಮವೇ ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ.

ಆದರೆ ನನ್ನ ಗುಂಯ್ ಎಲ್ಲಿಂದ ಬರುತ್ತಿತ್ತು? ಒಂದು ಸಂಜೆ ಕರೆಂಟು ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿತ್ತು, ಆಂಪ್ಲಿಫೈಯರ್ ಇನ್ವರ್ಟರಿನಲ್ಲಿ. ಆ ಹತ್ತು ನಿಮಿಷ ಸದ್ದು ತಿಳಿಯಾಗಿತ್ತು! ಕರೆಂಟು ಬಂದು ಚಾರ್ಜರ್ ಶುರುವಾದ ಕೂಡಲೇ ಗುಂಯ್ ವಾಪಸ್. ಆಮೇಲೆ ಚಾರ್ಜರ್ ಕಿತ್ತು, ಹಾಕಿ, ಕಿತ್ತು ನೋಡಿದೆ. ಪ್ರತಿ ಸಲವೂ ಹಾಗೇ. ಲ್ಯಾಪ್‌ಟಾಪಿನ ಚಾರ್ಜರಿನಿಂದ ನೆಲದ ತಂತಿಯ ಮೂಲಕ ಆಂಪ್ಲಿಫೈಯರಿಗೆ ಒಂದು ಸುತ್ತು ಏರ್ಪಡುತ್ತಿತ್ತು. ಗದ್ದಲ ಬರುತ್ತಿದ್ದುದು ಆ ಸುತ್ತಿನಲ್ಲೇ. ಎಂಥ ಡ್ಯಾಕ್ ಕಟ್ಟಿದರೂ ಆ ಸುತ್ತು ಮುರಿಯದೆ ಮೌನ ಸಿಗುವುದಿಲ್ಲ.

ಮುರಿಯುವುದಕ್ಕೆ ಎಡಿಯುಎಂ4160 ಅನ್ನುವ ಐಸೊಲೇಟರ್ ಇದೆ. ಯುಎಸ್‌ಬಿಯ ಮಾತು ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ, ಆದರೆ ತಂತಿ ತಂತಿ ಸೇರುವುದಿಲ್ಲ. ತೊಂದರೆ ಏನೆಂದರೆ ಅದರ ವೇಗ ಸೆಕೆಂಡಿಗೆ 12 ಮೆಗಾಬಿಟ್ ಮಾತ್ರ. ನಾನು ನೋಡಿಟ್ಟಿದ್ದ ಅಸಿಂಕ್ರೋನಸ್ ಬೋರ್ಡುಗಳಿಗೆ 480 ಬೇಕು. ಟೆಕ್ಸಾಸ್‌ನದ್ದೇ ಪಿಸಿಎಂ2706 ಅನ್ನುವ ಹಳೆಯ ಚಿಪ್ 12ರಲ್ಲೇ ನಡೆಯುತ್ತದೆ, 16 ಬಿಟ್, 48 ಕಿಲೋಹರ್ಟ್ಸ್‌ವರೆಗೆ. ನನ್ನ ಕ್ಯಾಸೆಟ್‌ಗಳಿಗೆ ಅಷ್ಟೇ ಸಾಕು. ಆದರೆ ಅದರಲ್ಲಿ ತಾಳ ಕಂಪ್ಯೂಟರಿನ ಕೈಯಲ್ಲಿ.

ನಾನು ಪಿಸಿಎಂ2706 ಆರಿಸಿದೆ. ಓದಿ ತಿಳಿದವರು ಒಪ್ಪಲಿಕ್ಕಿಲ್ಲ. ತಾಳದ ಆ ಸೂಕ್ಷ್ಮ ನಡುಕ ನನ್ನ ಕಿವಿಗೆ ಕೇಳಿಸಿಲ್ಲ. ಗುಂಯ್ ಮಾತ್ರ ಪ್ರತಿ ದಿನ ಕೇಳಿಸಿದೆ. ದಿನವೂ ಕೇಳಿಸಿದ್ದಕ್ಕೆ ಮೊದಲು ಮದ್ದು. ಮುಂದೆ ಸಿಡಿಗಿಂತ ಹೆಚ್ಚಿನ ಗುಣಮಟ್ಟದ್ದೇನಾದರೂ ಕೇಳುವ ದಿನ ಬಂದರೆ ಈ ಒಂದು ಬೋರ್ಡನ್ನು ಬದಲಿಸಬಹುದು. ಅದಕ್ಕಾಗಿ ನಡುವೆ ಕಳಚುವ ಕನೆಕ್ಟರ್ ಇಟ್ಟಿದ್ದೇನೆ.

ಸಣ್ಣ ಪುಟ್ಟ ಕೆಪಾಸಿಟರ್‌ಗಳ ವಿಷಯದಲ್ಲಿ ಡೇಟಾಶೀಟ್ ಹೇಳಿದ್ದನ್ನೇ ಬರೆದುಕೊಂಡೆ. ಸದ್ದು ಹೊರಗೆ ಹೋಗುವ ಜಾಗದಲ್ಲಿ 470 ಓಮ್ ಮತ್ತು 2.2 ನ್ಯಾನೋಫ್ಯಾರಡ್. ಅಲ್ಲಿ ಮಾತ್ರ ಸಿ0ಜಿ ಬಗೆಯದ್ದೇ ಆಗಬೇಕು. ಎಕ್ಸ್7ಆರ್ ಬಗೆಯದ್ದು ವೋಲ್ಟೇಜ್ ಏರಿಳಿದಂತೆ ತನ್ನ ಫ್ಯಾರಡ್ ಅಳತೆಯನ್ನು ಬದಲಿಸುತ್ತದೆ, ಸದ್ದಿನ ದಾರಿಯಲ್ಲಿ ಅದು ಬೇಡ. ಪವರ್ ಕಡೆಗೆ ಎಕ್ಸ್7ಆರ್ ಧಾರಾಳ ಸಾಕು.

ಗುಡುಗಿನ ವಿಷಯ ಹೇಳದೆ ನಮ್ಮೂರಿನಲ್ಲಿ ಯಾವ ಪಟ್ಟಿಯೂ ಮುಗಿಯುವುದಿಲ್ಲ. ತುಲಾ ತಿಂಗಳ (ಅಕ್ಟೋಬರ್, ನವೆಂಬರಿನ ಹೊತ್ತು) ಸಂಜೆಯ ಸಿಡಿಲಿಗೆ ಒಂದು ಟಿವಿ, ಎರಡು ಮೋಡೆಮ್ ಕಳೆದುಕೊಂಡ ಮನೆ ನಮ್ಮದು. ಮೇನ್ಸ್ ಬರುವಲ್ಲೇ 250 ಮಿಲಿ ಆಂಪಿಯರ್ ಸ್ಲೋ ಬ್ಲೋ ಫ್ಯೂಸ್, ಅದರ ಹಿಂದೆ ಏಕಾಏಕಿ ಏರುವ ವೋಲ್ಟೇಜನ್ನು ಹೀರಿಕೊಳ್ಳುವ 275 ವೋಲ್ಟಿನ ಎಂಒವಿ. ಅದು ದೂರದ ಸಿಡಿಲಿಗೆ. ಹತ್ತಿರದ್ದಕ್ಕೆ ಪ್ಲಗ್ ಕಿತ್ತಿಡುವುದೊಂದೇ ದಾರಿ. ಹಾಗಾಗಿ ಸ್ವಿಚ್ ಹಿಂದೆ ಬೇಡ, ಪ್ಲಗ್ ಸುಲಭವಾಗಿ ಕೈಗೆ ಸಿಗುವ ಹಾಗೆ ಉದ್ದದ ತಂತಿ ಬೇಕು ಅಂತ ಪಟ್ಟಿಯಲ್ಲಿ ಬರೆದೆ. ಇನ್ನು ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು. ಬೆಸುಗೆಯ ಫ್ಲಕ್ಸ್ ಉಳಿದರೆ ಅದು ತೇವ ಹೀರುತ್ತದೆ, ಜೂನ್ ಮುಗಿಯುವುದರೊಳಗೆ ಹಸಿರು ಕಿಲುಬು ಬರುತ್ತದೆ. ತೊಳೆಯಲು ಐಸೊಪ್ರೊಪೈಲ್ ಆಲ್ಕೊಹಾಲ್, ಚಿನ್ನದ ಲೇಪದ ಆರ್‌ಸಿಎ ಸಾಕೆಟ್. ಇವೂ ಪಟ್ಟಿಗೆ ಸೇರಿದವು.

ಖರೀದಿ ಮೂರು ಕಡೆ ಆಯಿತು. ಟ್ರಾನ್ಸ್‌ಫಾರ್ಮರ್, 7805, ಫ್ಯೂಸ್ ಹೋಲ್ಡರ್ ಕಾಸರಗೋಡು ಪೇಟೆಯಲ್ಲೇ ಸಿಕ್ಕವು. ಅಂಗಡಿಯವರು ನನ್ನ ಪಟ್ಟಿಯನ್ನು ಮಲಯಾಳದಲ್ಲಿ ಓದಿ, ತುಳುವಿನಲ್ಲಿ ಬೆಲೆ ಹೇಳಿದರು, ನಾನು ಕನ್ನಡದಲ್ಲಿ ಚೌಕಾಸಿ ಮಾಡಿದೆ. ಏಳು ಭಾಷೆಯ ಊರಲ್ವಾ! ಟ್ರಾನ್ಸ್‌ಫಾರ್ಮರನ್ನು ಅಲ್ಲೇ ಪ್ಲಗ್ಗಿಗೆ ಹಾಕಿ, ಕಿವಿ ಹತ್ತಿರ ಹಿಡಿದು, ಗುನುಗದ್ದನ್ನೇ ಆರಿಸಿದೆ. ಐದರಲ್ಲಿ ಒಂದು ಸಿಕ್ಕಿತು. ಕೆಪಾಸಿಟರ್, ಸಾಕೆಟ್‌ಗಳಿಗೆ ತಲಪಾಡಿ ದಾಟಿ ಮಂಗಳೂರಿಗೆ ಬಸ್ಸು. ಚಿಪ್ಪುಗಳು ಮಾತ್ರ ಅಧಿಕೃತ ವಿತರಕರಿಂದಲೇ, ಅಂಚೆಯಲ್ಲಿ. ಒಂದು ಚಿಪ್ಪಿಗೂ ಹತ್ತು ಚಿಪ್ಪಿಗೂ ಸಾಗಣೆ ಖರ್ಚು ಒಂದೇ. ಹಾಗಾಗಿ ಪಟ್ಟಿಯನ್ನು ಮೂರು ಸಲ ತಿದ್ದಿ, ಮರೆತದ್ದು ಯಾವುದೂ ಇಲ್ಲ ಅಂತ ಖಾತ್ರಿಯಾದ ಮೇಲೆ ಒಂದೇ ಆರ್ಡರ್ ಹಾಕಿದೆ. ಪಿಸಿಎಂ5102ಎ ಎರಡು, ಎಡಿಪಿ150 ನಾಲ್ಕು. ಅವುಗಳ ಕಾಲುಗಳು ಅಷ್ಟು ಸಣ್ಣವು. ಪಿಸಿಎಂ5102ಎಯ ಕಾಲಿನಿಂದ ಕಾಲಿಗೆ 0.65 ಮಿಲಿಮೀಟರ್. ಅದನ್ನು ಕೂರಿಸಲು 20 ಕಾಲಿನ ಅಡಾಪ್ಟರ್ ಬೋರ್ಡು ಐದು, ಅಭ್ಯಾಸಕ್ಕೂ ಸೇರಿ. ಇದೇ ಚಿಪ್ ಇರುವ ಒಂದು ಸಿದ್ಧ ಮಾಡ್ಯೂಲ್ ಕೂಡ ತರಿಸಿದೆ. ಉಳಿದದ್ದೆಲ್ಲ ಸರಿ ಇದೆಯಾ ಅಂತ ಮೊದಲು ಅದರ ಮೇಲೆ ನೋಡಬಹುದು. ಅದನ್ನು ತರಿಸುವವರು ಎಸ್‌ಸಿಕೆ ಕಾಲನ್ನು ನೆಲಕ್ಕೆ ಸೇರಿಸಲು ಮರೆಯಬೇಡಿ, ಆಗ ಚಿಪ್ ತನ್ನ ಗಡಿಯಾರವನ್ನು ತಾನೇ ಮಾಡಿಕೊಳ್ಳುತ್ತದೆ. ಎಕ್ಸ್‌ಎಸ್‌ಎಂಟಿ ಕಾಲು 3.3ಕ್ಕೆ ಹೋಗಬೇಕು, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡೇ ಇರುತ್ತದೆ.

ಎಲ್ಲ ಬಂದು ಸೇರಿದಾಗ ಮೇ ತಿಂಗಳ ಎರಡನೇ ವಾರ. ಪವರ್ ಸಪ್ಲೈ ಒಂದನ್ನು ಮೊದಲು ಬೆಸೆದೆ. ಡ್ಯಾಕ್ ಬದಲು 33 ಓಮ್ ರೆಸಿಸ್ಟರ್ ಹಾಕಿದೆ, 100 ಮಿಲಿ ಆಂಪಿಯರ್ ಎಳೆಯುವ ಹಾಗೆ. ಮೂರು ಸಂಜೆ ಎರಡು ಮೀಟರ್ ಇಟ್ಟುಕೊಂಡು ಕಾದೆ, ಒಂದು ಮೇನ್ಸಿಗೆ, ಒಂದು ಹೊರಬರುವ ವೋಲ್ಟೇಜಿಗೆ. ಎರಡನೇ ಸಂಜೆ ಏಳೂವರೆಗೆ ಕೆಳಗಿನ ತೋಟದ ಪಂಪ್ ಶುರುವಾಯಿತು. ಬಲ್ಬು ಕೆಂಪಾಯಿತು. ಮೇನ್ಸಿನ ಮೀಟರ್ 191, 184, 176 ಅಂತ ಇಳಿಯಿತು. ಎರಡನೆಯ ಮೀಟರಿನಲ್ಲಿ 3.30. ಅಪ್ಪ ಪಕ್ಕದಲ್ಲೇ ಕೂತಿದ್ದರು. ಅವರಿಗೆ ಅಂಕಿ ಓದಿ ಹೇಳುತ್ತಾ ಹೋದೆ. 176ರಲ್ಲೂ 3.30.

ಮಾಡ್ಯೂಲ್ ಜೋಡಿಸಿದ್ದು ಮರುದಿನ. ಚಾರ್ಜರ್ ಹಾಕಿಯೇ ಇಟ್ಟೆ. ಕರ್ಣಭೇದನದ ಕ್ಯಾಸೆಟ್ಟಿನ ಎರಡನೇ ಬದಿ. ಕುಂತಿಯ ಮಾತು ಮುಗಿಯಿತು. ಟೇಪಿನ ಹಿಸ್, ದೂರದಲ್ಲಿ ಯಾರೋ ಕೆಮ್ಮಿದ್ದು, ಶ್ರುತಿ ಪೆಟ್ಟಿಗೆಯ ಉಸಿರು. ಅಷ್ಟೇ. "ಅದು ನಾನು ಕೆಮ್ಮಿದ್ದು" ಅಂದರು ಅಪ್ಪ.

ಇನ್ನು ಉಳಿದಿರುವುದು ಸ್ವಂತ ಬೋರ್ಡಿನ ಮೇಲೆ ಚಿಪ್ ಬೆಸೆಯುವುದು ಮತ್ತು ಪೆಟ್ಟಿಗೆ. ಹೊರಗೆ ಹಲಸಿನ ಹಲಗೆ, ಒಳಗೆ ಗದ್ದಲ ತಡೆಯಲು ಅಲ್ಯೂಮಿನಿಯಂ ತಗಡು, ಟ್ರಾನ್ಸ್‌ಫಾರ್ಮರ್ ಒಂದು ಮೂಲೆಗೆ, ಚಿಪ್ ಅದರ ಎದುರಿನ ಮೂಲೆಗೆ. ಹಲಗೆ ಅಟ್ಟದ ಮೇಲೆ ಒಣಗುತ್ತಿದೆ. ಮಳೆ ಹಿಡಿಯುವ ಮೊದಲು ಆಚಾರಿಯವರು ಬರುತ್ತೇನೆ ಅಂದಿದ್ದಾರೆ.